ಗಾಳಿಗೊಂದು ದಾರಿ

ಪಿಸ್ಟನ್ ಇಳಿಯಲೇ ಇಲ್ಲ. ಸಿಲಿಂಡರಿನ ಬಾಯಿಗೆ ಇಟ್ಟು ಬಿಟ್ಟರೆ ಅರ್ಧ ಬೆರಳಿನಷ್ಟು ಒಳಗೆ ಹೋಗಿ ಅಲ್ಲಿಯೇ ಠಿಕಾಣಿ ಹೂಡಿತು. ಡಿಸೈನ್ ಎಂಜಿನಿಯರಮ್ಮನ ಎದೆ ಧಸಕ್ಕೆಂದಿತು.

ಹೆದರದೆ ಇನ್ನೇನು ಮಾಡಿಯಾಳು? ಆಗತಾನೇ ಹುಟ್ಟಿದ ಕೂಸುಗಳಿಗೆ ಉಸಿರು ಕೊಡುವ ಯಂತ್ರದ ಭಾಗ ಅದು. ತನ್ನ ಭಾರಕ್ಕೆ ತಾನೇ ಜಾರಬೇಕು. ಇಷ್ಟು ವರ್ಷ ಬೇರೆಯವರ ಡ್ರಾಯಿಂಗು ತಿದ್ದುತ್ತಿದ್ದವಳು ಮೊದಲಿನಿಂದ ಕೊನೆಯವರೆಗೆ ತಾನೇ ಬರೆದ ಮೊದಲ ಡ್ರಾಯಿಂಗು ಇದು. ಪಿಸ್ಟನ್ನಿಗೂ ಗೋಡೆಗೂ ನಡುವೆ ಅವಳು ಬಿಟ್ಟ ಸಂದು ಕೂದಲೆಳೆಯ ಹತ್ತರಲ್ಲಿ ಒಂದು ಪಾಲೂ ಇಲ್ಲ. ಇದು ನಮ್ಮಿಂದ ಆಗುವ ಮಾತಲ್ಲ, ಹೊರಗೆ ಕೊಡುತ್ತೇನೆ ಎಂದು ಹೊರಟಿದ್ದ ಕಾರ್ಖಾನೆಯ ಯಜಮಾನರನ್ನು ತಡೆದವನು ಅಲ್ಲೇ ಮೆಷಿನ್ ನಡೆಸುವ ಅವಳ ಅಣ್ಣ. “ತಂಗಿ ಬರೆದಿದ್ದಾಳೆ, ನಾನು ಮಾಡಿಕೊಡ್ತೀನಿ” ಎಂದು ಮಾತು ಕೊಟ್ಟಿದ್ದ. ಲೋಹದ ತುಂಡು ಇದ್ದದ್ದು ಒಂದೇ. ಅದು ಕೆಟ್ಟರೆ ಕೆಲಸವೂ ಹೋಯಿತು, ಅಣ್ಣನ ಮಾತೂ ಮಣ್ಣುಪಾಲು. ಮಧ್ಯಾಹ್ನ ಯಜಮಾನರು ನೋಡಲು ಬರುವವರಿದ್ದರು.

“ಸಿಲಿಂಡರಿನ ತೂತು ಚಿಕ್ಕದಾಗಿದೆ ಅಣ್ಣ” ಎಂದಳು.

ಅಳತೆಯ ಕೋಣೆಯ ಕಲ್ಲುಮೇಜಿನ ಮೇಲೆ ಅವನು ಪಿಸ್ಟನ್ ತೆಗೆದು, ತೂತಿನ ಅಗಲ ಅಳೆಯುವ ಗೇಜನ್ನು ಮತ್ತೆ ಇಳಿಸಿ ನೋಡಿದ. “ಗೇಜು ಹಾಗನ್ನಲ್ವಲ್ಲ ಪುಟ್ಟಿ.”

“ಗೇಜು ಏನಾದ್ರೂ ಹೇಳ್ಲಿ. ಇಳೀತಿಲ್ಲ ಅಂದ್ರೆ ಇಳೀತಿಲ್ಲ. ಇನ್ನೊಂಚೂರು ಉಜ್ಜಿಬಿಡು.”

“ಉಜ್ಜೋದಕ್ಕೇನು, ಉಜ್ತೀನಿ. ಆದ್ರೆ ಹೋದ ಲೋಹ ಮತ್ತೆ ಅಂಟಲ್ಲ. ಯೋಚ್ನೆ ಮಾಡಿ ಹೇಳು.” ಅವನ ಮುಖ ಚಿಕ್ಕದಾಗಿತ್ತು. ಮೈಯೆಲ್ಲ ಕಣ್ಣಾಗಿ ಕೊರೆದವನಿಗೆ ಆ ಮಾತು ನೋಯದೆ ಇರುತ್ತದೆಯೆ?

ಅವಳಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇತ್ತು. ಪಿಸ್ಟನ್ ಮತ್ತೆ ಸಿಲಿಂಡರಿನ ಬಾಯಿಗಿಟ್ಟು, ಇಳಿ ಅಂದರೆ ಇಳಿ ಎನ್ನುವಂತೆ ಅದರ ತಲೆಯನ್ನು ಬೆರಳಿನಿಂದ ಒತ್ತಿದಳು. ಅದು ಇಳಿಯಿತು. ಬೆರಳು ಸಡಿಲಿಸಿದಳು, ಮೆತ್ತಗೆ ಬೆರಳನ್ನೇ ಎತ್ತಿಕೊಂಡು ಮೇಲಕ್ಕೆ ಬಂತು.

ಸಿಕ್ಕಿಕೊಂಡ ಲೋಹ ಮಹಾ ಮೊಂಡು, ಹೀಗೆ ಎದ್ದು ಬರುವುದಿಲ್ಲ. ಎರಡು ಬೆರಳಲ್ಲಿ ತಿರುಗಿಸಿ ಬಿಟ್ಟಳು. ಪಿಸ್ಟನ್ ಚೂರೂ ಸದ್ದು ಮಾಡದೆ ಬುಗುರಿಯ ಹಾಗೆ ಸುತ್ತತೊಡಗಿತು, ಎಷ್ಟು ಹೊತ್ತಾದರೂ ನಿಲ್ಲಲೊಲ್ಲದು. ಸುತ್ತಲೂ ಎಲ್ಲಿಯೂ ತಾಗುತ್ತಿಲ್ಲ, ಆದರೂ ಕೆಳಗೆ ಇಳಿಯುತ್ತಿಲ್ಲ. ಅವಳ ಮೈ ಜುಮ್ಮೆಂದಿತು.

“ಅಣ್ಣ, ಇದು ಒಳಗೆ ಸಿಕ್ಕಿಕೊಂಡ ಗಾಳಿ ಮೇಲೆ ಕೂತಿದೆ. ಗಾಳಿ ಕೂಡ ನುಸುಳೋಕೆ ಆಗದ ಹಾಗೆ ಕೊರೆದಿದ್ದೀಯ ನೀನು. ತಳದಲ್ಲಿ ಗಾಳಿ ಹೋಗೋಕೆ ದಾರಿ ಬರೀಬೇಕಿತ್ತು. ಮರೆತವಳು ನಾನು.”

ಅವನು ಬಗ್ಗಿ ನೋಡಿದ. ಬಹಳ ಹೊತ್ತು ನೋಡಿದ. “ಅಬ್ಬಾ” ಎಂದ, ಅಷ್ಟೆ. ಆಮೇಲೆ ನಕ್ಕ. “ಮನೆ ಕಟ್ಟಿ ಬಾಗಿಲು ಇಡೋದು ಮರೆತಿದ್ದೀಯ, ನನ್ನ ಗೋಡೆ ಕೆಡವು ಅಂತೀಯ.”

“ನಿನ್ನನ್ನು ಅಂದಿದ್ದು ತಪ್ಪಾಯ್ತು.”

“ಸರಿ ಬಿಡು, ಬಾಗಿಲು ಎಲ್ಲಿಡ್ಬೇಕು ಹೇಳು.”

ಮುಗಿದ ಸಿಲಿಂಡರಿಗೆ ತೂತು ಕೊರೆಯುವುದೆಂದರೆ ಹುಡುಗಾಟವಲ್ಲ. ಒಂದು ಚೂರು ಒಳಗೆ ಸಿಡಿದು ಗೋಡೆ ಗೀರಿದರೆ ಮುಗಿಯಿತು. ಡ್ರಿಲ್ ತಳವನ್ನು ಮುಟ್ಟಿದಾಗ ಅವಳು ಕಣ್ಣು ಮುಚ್ಚಿಕೊಂಡಳು. ಅವನು ಎಣ್ಣೆ ಒರೆಸಿ, ಒಳಗೋಡೆಯನ್ನು ದೀಪಕ್ಕೆ ಹಿಡಿದು ತೋರಿಸಿದ ಮೇಲೆಯೇ ತೆರೆದದ್ದು. ಗೋಡೆ ಕನ್ನಡಿಯಂತಿತ್ತು.

“ತೂತಿನ ಕೆಳಗೆ ಬೆರಳು ಹಿಡಿ” ಎಂದ ಅಣ್ಣ. ಹಿಡಿದಳು, ತೂತಿಗೆ ಅಂಟಿಸದೆ, ತುಸು ದೂರದಲ್ಲಿ. ಅವನು ಪಿಸ್ಟನ್ ಬಿಟ್ಟ.

ಅದು ತನ್ನ ಭಾರಕ್ಕೆ ತಾನೇ ಸದ್ದಿಲ್ಲದೆ ಜಾರಿತು. ಅವಳ ಬೆರಳ ತುದಿಗೆ ಪುಟ್ಟದೊಂದು ಉಸಿರು ತಾಕಿತು, ಎದೆಗವುಚಿ ಮಲಗಿದ ಕೂಸಿನ ಉಸಿರಿನಷ್ಟು. ಅವಳ ಕಣ್ಣು ತುಂಬಿ ಬಂತು.

ಹೊರಗೆ ಯಜಮಾನರ ದನಿ ಕೇಳಿಸಿತು. ಅವಳು ಬೆರಳು ತೆಗೆಯಲಿಲ್ಲ.

“ಅಣ್ಣ, ಇನ್ನೊಂದು ಸಲ ಬಿಡು” ಎಂದಳು.