ಯಜಮಾನ್ರು ಕಳ್ಸವ್ರೆ

ಗಂಟು ಕಟ್ಟಿತು, ಮತ್ತೆ ಗಂಟು, ಎಸರು ಮರಳುವ ಮೊದಲೇ ಹಿಟ್ಟು ಸುರಿದರೆ ಇನ್ನೇನಾಗುತ್ತದೆ, ತೊಳಸಿದಷ್ಟೂ ಒಳಗೆ ಒಣಹಿಟ್ಟಿನ ಉಂಡೆ ಹಾಗೇ ಉಳಿದುಕೊಳ್ಳುತ್ತದೆ, ಗಂಗಣ್ಣ ಎಡಗೈಲಿ ಇಕ್ಕಳ ಬಲಗೈಲಿ ಮುದ್ದೆಕೋಲು ಹಿಡಿದು ಪಾತ್ರೆಯೊಳಕ್ಕೆ ಮುಖ ಬಗ್ಗಿಸಿ ನಿಂತಿದ್ದ, ಹಬೆ ಕಣ್ಣಿಗೆ ಹೊಡೆಯುತ್ತಿತ್ತು — ಇದೇ ಕೋಲು ಹೆಂಡತಿಯ ಕೈಲಿ ಹೇಗೆ ತಿರುಗುತ್ತಿತ್ತು, ಬಳೆ ಸದ್ದಲ್ಲೇ ಹದ ಗೊತ್ತಾಗುತ್ತಿತ್ತು, ಜಗಲಿ ಮೇಲೆ ಕೂತಿದ್ದರೂ ಹೇಳಿಬಿಡುತ್ತಿದ್ದ, ಈಗ ಬೆಂತು, ಈಗ ಉಂಡೆ ಕಟ್ಟುತ್ತಾಳೆ, ಈಗ ಕರೀತಾಳೆ, ಬಳೆ — ಬಳೆ ಸದ್ದು ಎಲ್ಲಿ. ನಡುಮನೆಯಲ್ಲಿ ಅವಳ ಮುಂದೆ ಮೊರದ ತುಂಬ ಹುರುಳಿಕಾಳು ಇಟ್ಟು ಬಂದಿದ್ದ, ದಿನಾ ಇಡುತ್ತಾನೆ, ಅವಳು ಕಲ್ಲು ಆರಿಸಿ ಪಕ್ಕಕ್ಕಿಡುತ್ತಾಳೆ, ಅವಳು ಮಲಗಿದಾಗ ಅದೇ ಕಲ್ಲನ್ನು ಅದೇ ಕಾಳಿಗೆ ಮತ್ತೆ ಬೆರೆಸುತ್ತಾನೆ, ಮೊರದ ಅಂಚಿಗೆ ಬಳೆ ತಾಗುವ ಸದ್ದು ಬರುತ್ತಿದ್ದರೆ ಒಳಗೆ ಒಲೆ ಮುಂದೆ ಧೈರ್ಯ, ಆ ಸದ್ದು ನಿಂತು ಎಷ್ಟು ಹೊತ್ತಾಯಿತು, ಕೋಲು ಪಾತ್ರೆಯಲ್ಲೇ ಬಿಟ್ಟು ಬಂದು ನೋಡಿದರೆ ಮೊರ ಇದೆ, ಕಾಳು ಇದೆ, ಬಾಗಿಲು ತೆರೆದಿದೆ, ಹೊಸಲಿನ ಪಕ್ಕ ಅವಳ ಚಪ್ಪಲಿ ಜೋಡಿಯಾಗಿ ಹಾಗೇ ಇದೆ. ಬರಿಗಾಲಲ್ಲಿ ಹೋಗಿದ್ದಾಳೆ. ಗ್ಯಾಸು ಆರಿಸಿದೆನಾ, ಆರಿಸಿದೆ, ಇಲ್ಲ, ಮತ್ತೆ ಒಳಗೆ ಓಡಿ ಆರಿಸಿ ಬಂದ.

ಬೈರೇಶನಿಗೆ ಗೊತ್ತಾಗಬಾರದು, ಬೀದಿಗೆ ಇಳಿಯುವಾಗ ಮೊದಲು ಹೊಳೆದದ್ದು ಅದೇ, ನಾಚಿಕೆಯಾಯಿತು, ಅವಳ ಕಾಲು ಸುಡುತ್ತಿರಬೇಕು ಅನ್ನುವುದಕ್ಕಿಂತ ಮೊದಲು ಮಗನ ಮುಖ ಬಂತಲ್ಲ. ಆದರೆ ಏನು ಮಾಡುವುದು, ಮಗ ಕೆಟ್ಟವನಲ್ಲ, ಕತ್ತಲಿರುವಾಗಲೇ ಎದ್ದು ಏರ್‌ಪೋರ್ಟಿಗೆ ಟ್ಯಾಕ್ಸಿ ಓಡಿಸುತ್ತಾನೆ, ಸೊಸೆ ಅಕ್ಷತ ಅಲ್ಲೇ ಒಳಗೆ ಅಂಗಡಿಯೊಂದರಲ್ಲಿ ಬಿಲ್ ಹಾಕುತ್ತಾಳೆ, ಹೊರಡುವ ಮುಂಚೆ ಅತ್ತೆಗೆ ನೀರು ಹಾಕಿ ಜಡೆ ಹೆಣೆದು ಹೋಗುವ ಹುಡುಗಿ, ಅವಳ ಬಗ್ಗೆ ಯಾರೂ ಒಂದು ಮಾತು ಅನ್ನುವ ಹಾಗಿಲ್ಲ. ಹೋದ ಭಾನುವಾರ ಬೈರೇಶ ಫೋನಿನಲ್ಲಿ ಫೋಟೋ ತೋರಿಸಿದ, ಹೊಸಕೋಟೆಯಿಂದ ಆಚೆ, ಬಿಳೀ ಮಂಚ, ಮಂಚಕ್ಕೆ ಕಂಬಿ, ಒಂದೇ ಬಣ್ಣದ ಸೀರೆ ಉಟ್ಟ ಹೆಂಗಸರು, ಅಪ್ಪ, ಇಲ್ಲಿ ಇಂಥ ಮರೆವಿನೋರನ್ನೇ ನೋಡ್ಕೊಳೋದು, ಒಂದ್ ಸಲ ನೀನು ಬಂದು ನೋಡು ಸಾಕು. ಅಕ್ಷತ ಕರಿಬೇವು ಬಿಡಿಸುತ್ತಿದ್ದವಳು ತಲೆಯೆತ್ತದೆ ಹೇಳಿದಳು, ಮಾವ, ಅತ್ತೇನ ನೋಡ್ತೀವಿ, ನಿಮ್ಮನ್ನ ನೋಡಕ್ಕಾಗ್ತಿಲ್ಲ ನಮಗೆ. ಆಮೇಲೆ ಬೈರೇಶ, ಅಮ್ಮ ಒಂದ್ ಸಲ ಮನೆ ಬಿಟ್ಟು ಹೊರಟ್ರೆ ಮುಗೀತು ಅಪ್ಪ, ರೋಡು ಮೊದಲಿನ ಥರ ಇಲ್ಲ, ಅಲ್ಲಿ ಗಾಡಿ ಓಡ್ಸೋನು ನಾನೇ, ನಂಗೊತ್ತು.

ಮುನಿಲಕ್ಷ್ಮಮ್ಮ ನಲ್ಲಿ ಹತ್ತಿರ ಬಿಂದಿಗೆ ಇಟ್ಟುಕೊಂಡು ನಿಂತಿದ್ದಳು, ಪಕ್ಕದ ಮನೆಯವಳು, ಅಕ್ಕ ಆಗ್ಲೇ ಹೋದ್ಲಲ್ಲ ಗಂಗಣ್ಣ, ಎಲ್ಲಿಗಕ್ಕಾ ಅಂದೆ, ಮನೆಗೆ ಅಂದ್ಲು, ಹಿಂದೆ ನೀನು ಬರ್ತಿದ್ದೀಯ ಅಂದ್ಕೊಂಡೆ. ಮನೆಗೆ. ಮನೆಯಿಂದ ಹೊರಟು ಮನೆಗೆ. ಅವನು ನಡೆದ, ಓಡಲು ಮಂಡಿ ಬಿಡುವುದಿಲ್ಲ, ಓಡಿದರೆ ಊರೇ ಕೇಳುತ್ತದೆ, ಸಾಯಂಕಾಲದೊಳಗೆ ಮಗನ ಕಿವಿಗೆ ಬೀಳುತ್ತದೆ, ಕೆರೆ ಏರಿ ಮೇಲೆ ಇಲ್ಲ, ದೇವಸ್ಥಾನದ ಕಟ್ಟೆ ಮೇಲೆ ಇಲ್ಲ, ಲೇಔಟಿನ ಕಾಂಪೌಂಡು ಗೋಡೆ ಉದ್ದಕ್ಕೂ ಬಿಸಿಲು, ಈ ಗೋಡೆಯ ಹಿಂದೆ ಇದ್ದದ್ದು ಯಾರ ಹೊಲ, ದೊಡ್ಡಮುನಿಯಪ್ಪನದು, ಅಲ್ಲ, ಅವನ ತಮ್ಮನದು, ನನಗೂ ಮರೆಯುತ್ತಿದೆಯಾ, ಎಲ್ಲರಿಗೂ ಮರೆಯುತ್ತೆ, ಆದರೆ ಕಟ್ಟಿಕೊಂಡ ಗಂಡನನ್ನು — ಅವತ್ತು ಬೆಳಗ್ಗೆ ಕಾಫಿ ಲೋಟ ಅವಳ ಮುಂದೆ ಹಿಡಿದಾಗ ತಲೆ ಮೇಲೆ ಸೆರಗೆಳೆದುಕೊಂಡು ಎದ್ದು ನಿಂತಳಲ್ಲ, ಯಜಮಾನ್ರು ಮನೇಲಿಲ್ಲ, ಆಮೇಲೆ ಬನ್ನಿ, ಅಂದಳಲ್ಲ, ಅವನು ನಕ್ಕಿದ್ದ. ತಮಾಷೆ ಅಂದುಕೊಂಡು ನಕ್ಕಿದ್ದ. ಎರಡನೇ ದಿನವೂ ಅಂದಾಗ ರೇಗಿದ, ನಾನೇ ಕಣೇ, ಗಂಗಣ್ಣ, ಕಣ್ ಬಿಟ್ಟು ನೋಡು ಅಂತ ಕೂಗಿದ, ಅವಳು ಅಡುಗೆಮನೆ ಮೂಲೆಗೆ ಸರಿದು ಸೌಟು ಎತ್ತಿ ಹಿಡಿದು ನಿಂತಳು, ಹೆದರಿಕೆ, ತನ್ನನ್ನು ಕಂಡು, ಆ ಹೆದರಿಕೆ ನೋಡಿದ ಮೇಲೆ ಅವನು ಮತ್ತೆ ಕೂಗಲಿಲ್ಲ. ದೊಡ್ಡಬಳ್ಳಾಪುರದ ಡಾಕ್ಟರು ಹೇಳಿದರು, ವಾದ ಮಾಡ್ಬೇಡಿ ಯಜಮಾನ್ರೇ, ಅವರು ನಿಮ್ಮನ್ನ ಯಾರು ಅಂತಾರೋ ಅವತ್ತಿಗೆ ನೀವು ಅವರೇ. ಹಾಗೆ ಒಂದು ದಿನ ಹಸು ವ್ಯಾಪಾರಕ್ಕೆ ಬಂದವನಾದ, ಒಂದು ದಿನ ದೂರದ ನೆಂಟ, ಕೂತ್ಕೊಳಿ ಅಣ್ಣ, ಯಜಮಾನ್ರು ಬರೋ ಹೊತ್ತು ಅಂದಳು, ಜಗಲಿ ಮೇಲೆ ಕೂತ, ತನ್ನನ್ನೇ ಕಾಯುತ್ತಾ ಕೂತ. ಪರಗಂಡಸು ಒಳಗಿದ್ದರೆ ಅವಳಿಗೆ ನಿದ್ದೆ ಹತ್ತದು ಅಂತ ಹಾಸಿಗೆಯನ್ನೂ ಜಗಲಿಗೆ ತಂದ, ಅಣ್ಣ ಅನ್ನಿಸಿಕೊಂಡೇ ಅವಳ ಬಾಯಿಗೆ ತುತ್ತು ಇಟ್ಟ, ಅದೂ ಅಭ್ಯಾಸವಾಯಿತು, ಮನುಷ್ಯನಿಗೆ ಏನೇನು ಅಭ್ಯಾಸವಾಗುತ್ತದೆ.

ಜೇಬಿನಲ್ಲಿ ಫೋನು ಬಡಿದುಕೊಂಡಿತು, ಬೈರೇಶ, ಊಟದ ಹೊತ್ತಿಗೆ ದಿನಾ ಮಾಡುತ್ತಾನೆ, ಎತ್ತಲಿಲ್ಲ, ಎತ್ತಿದರೆ ದನಿಯಲ್ಲೇ ಗೊತ್ತಾಗಿಬಿಡುತ್ತದೆ, ಆವತಿ ಕಡೆಯ ದೊಡ್ಡ ರೋಡು ಕಣ್ಣಿಗೆ ಬಿತ್ತು, ಗಾಡಿಗಳು, ಒಂದರ ಬಾಲಕ್ಕೆ ಒಂದು, ಚಕ್ರ ನೆಲಕ್ಕೆ ಸೋಕದ ಹಾಗೆ ಹೋಗುತ್ತವೆ, ಆಚೆ ದಡದಲ್ಲಿ, ಹಳೇ ಬಸ್ ಸ್ಟಾಪಿನ ಕಲ್ಲುಬೆಂಚಿನ ಮೇಲೆ, ಅವಳು. ಮುನಿತಾಯಮ್ಮ. ಮಡಿಲಲ್ಲಿ ಕೈ ಇಟ್ಟುಕೊಂಡು ನೆಟ್ಟಗೆ ಕೂತಿದ್ದಾಳೆ, ಊರಿಗೆ ಹೊರಟವಳ ಹಾಗೆ. ಬಸ್ಸು ಅಲ್ಲಿ ನಿಲ್ಲುವುದು ಬಿಟ್ಟು ವರ್ಷಗಳಾದವು, ರೋಡು ಅಗಲ ಮಾಡಿದಾಗ ಸ್ಟಾಪು ಮುಂದಕ್ಕೆ ಹೋಯಿತು, ಆ ಬೆಂಚನ್ನು ಮಾತ್ರ ಕೀಳಲಿಲ್ಲ ಯಾರೂ. ಹೇಗೆ ದಾಟಿದಳು, ಈ ರೋಡನ್ನು, ಒಬ್ಬಳೇ, ಬರಿಗಾಲಲ್ಲಿ, ಯಾವನು ಬ್ರೇಕು ಹಾಕಿದನೋ, ಯಾವ ತಾಯಿಯ ಮಗನೋ, ತನ್ನ ಮಗನಂಥವನೇ ಯಾವನೋ, ಬೈದುಕೊಂಡೇ ಹಾಕಿರಬೇಕು, ಅವನಿಗೆ ಒಳ್ಳೆಯದಾಗಲಿ. ಕೈ ಎತ್ತಿ ಎತ್ತಿ ಅವನೂ ದಾಟಿದ, ಬೆಂಚಿನ ಇನ್ನೊಂದು ತುದಿಯಲ್ಲಿ ಕೂತ, ನಡುವೆ ಜಾಗ ಬಿಟ್ಟು, ಪರಗಂಡಸು ಕೂರಬೇಕಾದಷ್ಟು ಜಾಗ ಬಿಟ್ಟು. ಅವಳು ತಿರುಗಿ ನೋಡಿ, ಬಸ್ಸು ಹೋಗಿಬಿಡ್ತಾ ಅಣ್ಣ, ಅಂದಳು. ಎಲ್ಲಿಗಮ್ಮ ನೀವು ಹೋಗೋದು. ಮನೆಗೆ. ಇಲ್ಲಿ ಯಾರದ್ದೋ ಮನೇಲಿದ್ದೆ, ಒಳ್ಳೇ ಜನ, ಹೊತ್ತೊತ್ತಿಗೆ ಇಕ್ತಾರೆ, ಆದ್ರೆ ಎಷ್ಟು ದಿನ ಅಂತ ಇರೋದು. ಯಜಮಾನ್ರು ಹಸ್ಕೊಂಡಿರ್ತಾರೆ. ನಾನಿಕ್ದಿದ್ರೆ ಉಣ್ಣಲ್ಲ. ಬಾಯ್ಬಿಟ್ಟು ಕೇಳೋ ಮನುಷ್ಯ ಅಲ್ಲ.

ಕೇಳಿಸಿಕೊಂಡ. ರೋಡಿನ ಸದ್ದಿನಲ್ಲೂ ಒಂದೊಂದು ಮಾತೂ ಕೇಳಿಸಿತು. ಎದ್ದು ಕರೆದುಕೊಂಡು ಹೋಗಬೇಕಿತ್ತು, ಆಗಲೇ, ಆದರೆ ಆಸೆ, ಈ ವಯಸ್ಸಲ್ಲಿ ಎಂಥ ಆಸೆ, ಇನ್ನೊಂದು ಮಾತು ಹೇಳಲಿ ಅನ್ನಿಸಿತು, ಇಷ್ಟು ವರ್ಷ ಒಂದೇ ಸೂರಿನ ಕೆಳಗೆ ಇದ್ದು ಅವಳು ಅವನ ಬಗ್ಗೆ ಅವನಿಗೆ ಏನೂ ಹೇಳಿರಲಿಲ್ಲ, ಹೇಳುವ ರೂಢಿ ಎಲ್ಲಿತ್ತು, ನೆಲ ನೋಡಿಕೊಂಡು ಕೇಳಿದ, ಹೆಂಗೆ ನಿಮ್ಮ ಯಜಮಾನ್ರು. ಅವಳು ನಕ್ಕಳು, ಬಾಯಿಗೆ ಕೈ ಅಡ್ಡ ಇಡದೆ ನಕ್ಕಳು, ಒರಟು ಅಣ್ಣ, ಎತ್ತಿಗೆ ಬೈದಂಗೆ ಬೈತಾರೆ, ಆಮೇಲೆ ಎತ್ತಿನ ಮೈ ಸವರಿದಂಗೆ — ಅಷ್ಟಕ್ಕೇ ನಿಲ್ಲಿಸಿ ರೋಡಿನ ಕಡೆ ನೋಡತೊಡಗಿದಳು, ಬಿಸಿಲಿಗೆ ಮುಖ ಕೆಂಪಾಗಿತ್ತು, ಅಂಗಾಲು ಪಕ್ಕಕ್ಕೆ ತಿರುಗಿಸಿ ಕೂತಿದ್ದಳು, ಸುಟ್ಟಿದೆ, ಬೊಬ್ಬೆ ಎದ್ದಿದೆ. ಸಾಕು, ಏಳಬೇಕು. ಅಮ್ಮ, ನಾನು ನಿಮ್ಮನ್ನ ಕರ್ಕೊಂಡ್ ಹೋಗೋಕೇ ಬಂದಿರೋದು, ಯಜಮಾನ್ರು ಕಳ್ಸವ್ರೆ. ಅವಳು ಅವನನ್ನು ಮೇಲಿಂದ ಕೆಳಗೆ ನೋಡಿದಳು. ಅವ್ರು ಯಾರನ್ನೂ ಕಳ್ಸಲ್ಲ, ಅವ್ರೇ ಬರ್ತಾರೆ. ಇಲ್ಲ ತಾಯಿ, ಮೈ ಹುಷಾರಿಲ್ಲ ಅವ್ರಿಗೆ, ಅದಕ್ಕೆ ನಾನು. ಹಂಗಾದ್ರೆ ಗುರುತು ಹೇಳಿ. ಹೇಳಿದ, ಗಂಗಣ್ಣ, ಮಗ ಬೈರೇಶ, ಮನೆ ಮುಂದೆ ಚಕ್ಕೋತದ ಮರ, ನಿಮ್ಮ ತವರು ರಾಜಘಟ್ಟ. ಇದೆಲ್ಲ ಊರಿಗೇ ಗೊತ್ತು, ಅಂದಳು, ಎದ್ದಳು, ಬೇರೆ ಬಸ್ಸಿಗೆ ಹೋಗ್ತೀನಿ ಅಂತ ರೋಡಿನ ಕಡೆ ಕಾಲಿಟ್ಟಳು, ಲಾರಿಯೊಂದು ಹಾರ್ನು ಹೊಡೆದುಕೊಂಡು ಹೋಯಿತು, ಗಾಳಿಗೆ ಸೀರೆ ಬಡಿದುಕೊಂಡಿತು, ಅವನು ಕೈ ಹಿಡಿದ, ಅವಳು ಕಿತ್ತುಕೊಂಡಳು, ಯಾರಿವನು ನನ್ನ ಕೈ ಹಿಡೀತಾನೆ ಅಂತ ಕಿರುಚಿದಳು, ಸರ್ವಿಸ್ ರೋಡಿನಲ್ಲಿ ಆಟೋ ನಿಲ್ಲಿಸಿಕೊಂಡಿದ್ದ ಊರಿನ ಕೊಂಡಪ್ಪ ಇಳಿದು ಬರತೊಡಗಿದ, ಇನ್ನೊಂದು ಹೆಜ್ಜೆ ಇಟ್ಟಳು, ಮುಂದೆ ಕಾರು, ಕಾರಿನ ಹಿಂದೆ ಕಾರು, ಮುನಿತಾಯಿ ಅಂದ, ಕೇಳಲಿಲ್ಲ, ಲೇ ಅಂದ, ಕೇಳಲಿಲ್ಲ, ಸೊಗಡೀ, ಅಂದ.

ನಿಂತಳು. ಮದುವೆಯಾದ ಹೊಸತು, ಅವರೆಕಾಯಿ ಕಾಲ, ಮನೆ ತುಂಬ ಜನ, ಹಗಲೆಲ್ಲ ಕಾಯಿ ಬಿಡಿಸಿ ಬಿಡಿಸಿ ಅವಳ ಬೆರಳಿಗೆ ಸೊಗಡು ಅಂಟಿರುತ್ತಿತ್ತು, ತೊಳೆದರೂ ಹೋಗದು, ಆ ಬೆರಳನ್ನು ಮೂಗಿಗೆ ಹಿಡಿದುಕೊಂಡು ಮೊದಲ ಸಲ ಹಾಗೆ ಕರೆದಿದ್ದ, ಪಿಸುಮಾತಲ್ಲಿ, ಗೋಡೆಯಾಚೆ ಅವ್ವ ಮಲಗಿದ್ದಳು, ಅವತ್ತಿಂದ ಆ ಹೆಸರು ಹಗಲು ಕಂಡಿಲ್ಲ, ಮಗನಿಗೆ ಗೊತ್ತಿಲ್ಲ, ಅವಳ ತಂಗಿಯರಿಗೆ ಗೊತ್ತಿಲ್ಲ, ಈಗ ರೋಡಿನ ಮಧ್ಯೆ ಕೊಂಡಪ್ಪ ಕೇಳುವ ಹಾಗೆ ಕೂಗಿಬಿಟ್ಟ. ತಿರುಗುತ್ತಾಳೆ, ಗುರುತು ಹಿಡಿಯುತ್ತಾಳೆ, ಇದೊಂದನ್ನು ಮರೆತಿರಲಾರಳು ಅಂತ ಅವನ ಜೀವ ಕಣ್ಣಿಗೆ ಬಂದು ನಿಂತಿತು. ತಿರುಗಿದಳು. ಮರೆತಿರಲಿಲ್ಲ. ಹೆಸರು ನೆನಪಿತ್ತು, ಹೆಸರಿಟ್ಟವನ ಮುಖ ಮಾತ್ರ ಇರಲಿಲ್ಲ, ಅವನ ಮುಖವನ್ನೇ ನೋಡುತ್ತಾ, ಅದನ್ನೂ ಹೇಳವ್ರಾ, ಅಂದಳು, ಮೆಲ್ಲಗೆ, ನಿಮ್ಮ ಕೈಲಿ ಅದನ್ನೂ ಹೇಳವ್ರಾ ಅವ್ರು. ಸೆರಗನ್ನು ಎಳೆದು ಮುಷ್ಟಿಯಲ್ಲಿ ಹಿಡಿದು ಬಾಯಿಗೆ ಒತ್ತಿಕೊಂಡಳು. ಆಮೇಲೆ ಯಾರೂ ಕರೆಯದೆ ತಾನೇ ನಡೆದು ಹೋಗಿ ಆಟೋದಲ್ಲಿ ಕೂತಳು.

ಅಕ್ಕ ಮುನಿಸ್ಕೊಂಡೈತಾ ಗಂಗಣ್ಣ, ಕೊಂಡಪ್ಪ ಕನ್ನಡಿಯಲ್ಲಿ ನೋಡಿ ಕೇಳಿದ, ಹ್ಞೂಂ ಅಂದ ಗಂಗಣ್ಣ. ಅವಳು ಸೀಟಿನ ಆ ತುದಿಗೆ ಒತ್ತಿಕೊಂಡು ಹೊರಗೆ ಮುಖ ಮಾಡಿದ್ದಳು, ಮುಷ್ಟಿ ಬಾಯಿಂದ ಇಳಿಯಲಿಲ್ಲ, ಮನೆ ಮುಂದೆ ಇಳಿದಾಗಲೂ, ಹೊಸಲು ದಾಟಿ ನಡುಮನೆಯ ಗೋಡೆಗೆ ಒರಗಿ ಕೂತಾಗಲೂ. ಬದುಕಿ ಬಂದಳಲ್ಲ, ಅದು ದೊಡ್ಡದು, ಅದೇ ದೊಡ್ಡದು ಅಂದುಕೊಂಡ, ಅಂಗಾಲಿಗೆ ಕೊಬ್ಬರಿ ಎಣ್ಣೆ ಸವರಲು ಹೋದರೆ ಕಾಲು ಸೀರೆಯೊಳಕ್ಕೆ ಎಳೆದುಕೊಂಡಳು, ನೀರು ಕೊಟ್ಟರೆ ಮುಖ ತಿರುಗಿಸಿದಳು. ಹಿತ್ತಲಿಗೆ ಹೋಗಿ ತೊಟ್ಟಿಯ ನೀರಲ್ಲಿ ಕೈಕಾಲು ತೊಳೆದ, ಮುಖಕ್ಕೆ ಎರಚಿಕೊಂಡ, ಅಲ್ಲೇ ನಿಂತು ಸ್ವಲ್ಪ ಅತ್ತನೋ ಏನೋ, ನೀರೂ ಅದೂ ಒಂದೇ ಆಗಿತ್ತು, ಮತ್ತೆ ಅವಳ ಎದುರಿಗೆ ಹಿಂಬಾಗಿಲಿಂದ ಕಳ್ಳನ ಹಾಗೆ ಹೋಗಲು ಮನಸ್ಸಾಗದೆ ಮನೆ ಸುತ್ತಿಕೊಂಡು ಮುಂಬಾಗಿಲಿಗೆ ಬಂದ, ಹೆಗಲ ಮೇಲಿನ ಟವಲಲ್ಲಿ ಕುತ್ತಿಗೆ ಒರೆಸಿಕೊಳ್ಳುತ್ತಾ ತಲೆ ಬಗ್ಗಿಸಿ ಒಳಗೆ ಕಾಲಿಟ್ಟ. ಬಂದ್ರಾ, ಅಂದಳು.

ಬಂದ್ರಾ. ಹೊಲದಿಂದ ಬಂದವನಿಗೆ ಕೇಳುವ ಹಾಗೆ, ಅದೇ ದನಿ, ಅಲುಗಿದರೆ ಒಡೆದು ಹೋಗುತ್ತದೇನೋ ಅಂತ ಹೊಸಲಲ್ಲೇ ನಿಂತ, ಅವಳ ಕಣ್ಣು ಅವನ ಮೇಲಿತ್ತು, ನೆಂಟನ ಮೇಲಲ್ಲ, ದನದ ವ್ಯಾಪಾರದವನ ಮೇಲಲ್ಲ, ಅವನ ಮೇಲೆ, ಗಂಗಣ್ಣನ ಮೇಲೆ, ಎಷ್ಟು ತಿಂಗಳಾದ ಮೇಲೆ, ಬೈರೇಶನನ್ನು ಕರೆಯಲೇ, ಅಕ್ಷತಳಿಗೆ ಹೇಳಲೇ, ನೋಡು ನೋಡು ಅಂತ, ಯಾರನ್ನೂ ಬೇಡ, ಬಂದೆ ಕಣೇ, ಅಂದ. ಅವಳು ಕೇಳಿದಳು, ಆ ಮನುಷ್ಯನ ಕೈಲಿ ಆ ಹೆಸರು ಯಾಕೆ ಹೇಳಿದ್ರಿ. ಯಾರ ಕೈಲಿ ಅಂತ ಅವನು ಕೇಳಲಿಲ್ಲ. ಅವನೇ ನಾನು ಅನ್ನಬಹುದಿತ್ತು, ಅಂದರೆ ಈ ಕಣ್ಣಿನ ಗುರುತು ಈಗಲೇ ಹೋಗಿಬಿಡುತ್ತದೆ, ಹೇಳಿಲ್ಲ ಅನ್ನಬಹುದಿತ್ತು, ಅಂದರೆ ಸುಳ್ಳುಗಾರನಾಗುತ್ತಾನೆ, ಸಿಕ್ಕಿದ ಒಂದೇ ಗಳಿಗೆಯಲ್ಲಿ ಸುಳ್ಳುಗಾರ, ರೋಡಿನಲ್ಲಿ ಕೂಗಿದ್ದು ಅವಳ ಜೀವ ಉಳಿಸಲು, ಅದನ್ನು ಯಾವ ಬಾಯಲ್ಲಿ ಹೇಳುವುದು, ತಪ್ಪಾಯ್ತು, ಅಂದ, ತಪ್ಪಾಯ್ತು ಬುಡು. ಇನ್ಮೇಲೆ ಹಂಗೆ ಕರೀಬ್ಯಾಡಿ, ಅಂದಳು. ಅವನು ಹತ್ತಿರ ಹೋಗಿ ಕೂತ, ಏನಾದರೂ ಅನ್ನಬೇಕು, ಈ ಕಣ್ಣು ಇರುವಾಗಲೇ ಅನ್ನಬೇಕು, ಬಾಯಿ ತೆರೆದ, ಇಷ್ಟು ಹತ್ತಿರದಿಂದ ಕರೆಯಲು ಬೇರೆ ಹೆಸರಿಲ್ಲ, ನಾಲಿಗೆಗೆ ಬಂದದ್ದು ಅದೊಂದೇ, ಅದನ್ನು ಹಲ್ಲಲ್ಲಿ ಕಚ್ಚಿ ಹಿಡಿದ, ಅವಳ ನೋಟ ಅವನ ಭುಜದ ಮೇಲಿಂದ ಬಾಗಿಲ ಕಡೆಗೆ ಸರಿಯಿತು, ಯಜಮಾನ್ರು ಇನ್ನೂ ಬರಬೇಕಿದೆ ಅನ್ನುವ ಹಾಗೆ, ಕೈ ಎದ್ದಿತು, ಸೆರಗು, ಮುಷ್ಟಿ, ಬಾಯಿಗೆ ಒತ್ತಿದ ಮುಷ್ಟಿ, ಬಿಳಿಚಿದ ಗೆಣ್ಣು, ಸೆರಗು ಹಿಡಿದ ಆ ಮುಷ್ಟಿ —