ಸೇಬಿನಲ್ಲಿ ಸಿಕ್ಕಿಕೊಂಡ ಹಲ್ಲು

ನಾನು ಕಟ್ಟುಹಲ್ಲು ಮಾಡುವವನು. ಮೂವತ್ತೆಂಟು ವರ್ಷದಿಂದ ಇದೇ ಮೇಜು, ಇದೇ ದೀಪ, ಇದೇ ಗುಲಾಬಿ ಮೇಣ. "ದೇವರು ಕೊಟ್ಟ ಹಲ್ಲಿಗಿಂತ ನಂದೇ ಗಟ್ಟಿ" ಎಂದು ಗಿರಾಕಿಗಳ ಮುಂದೆ ಎಷ್ಟು ಸಲ ಕೊಚ್ಚಿಕೊಂಡಿದ್ದೇನೋ. ಮಾಡಿದ್ದುಣ್ಣೋ ಮಹರಾಯ ಅನ್ನುತ್ತಾರಲ್ಲ, ಉಂಡೆ.

ನನ್ನ ಮಗಳ ಮಗಳಿಗೆ ಐದು ವರ್ಷ. ಮುಂದಿನ ಎರಡು ಹಲ್ಲು ನೋಡಿ ನಾವೆಲ್ಲ ಇಲಿಮರಿ ಎಂದು ಕರೆಯುತ್ತೇವೆ. ಅವಳ ದವಡೆಹಲ್ಲಿನ ಮೇಲೆ ಸುಣ್ಣದಂಥ ಬಿಳಿ ಕಲೆ ಕಂಡು ಡಾಕ್ಟರಮ್ಮ ನಮ್ಮನ್ನೇ ಗದರಿದರು.

"ಹಾಲುಹಲ್ಲು ತಾನೆ, ಬಿದ್ದುಹೋಗುತ್ತೆ ಅನ್ಬೇಡಿ. ಇದು ಇನ್ನೂ ಐದಾರು ವರ್ಷ ಬಾಯಲ್ಲಿರ್ಬೇಕು. ದಿನಕ್ಕೆರಡು ಸಲ ಸರಿಯಾಗಿ ಉಜ್ಜಿದ್ರೆ ಕಲೆ ಅಲ್ಲೇ ನಿಲ್ಲಬಹುದು. ಇಲ್ಲಾಂದ್ರೆ ತೂತು ಬೀಳುತ್ತೆ, ಕೊರೀಬೇಕಾಗುತ್ತೆ. ಮೂರು ತಿಂಗಳು ಬಿಟ್ಟು ಬನ್ನಿ."

ಇಲಿಮರಿ ಬ್ರಶ್ ಕಂಡರೆ ತುಟಿ ಬಿಗಿದು ಕೂರುತ್ತಿದ್ದಳು. ಅವಳಮ್ಮ ಮುದ್ದಿಸಿದಳು, ಬೈದಳು, ಕೊನೆಗೆ ಅತ್ತೇಬಿಟ್ಟಳು. ಇವಳದ್ದು ಒಂದೇ ಮಾತು: "ಹೋದ್ರೆ ಹೋಗ್ಲಿ. ತಾತ ಬೇರೆ ಮಾಡ್ಕೊಡ್ತಾನೆ. ತಾತನ ಹಲ್ಲೇ ಗಟ್ಟಿ."

ಮಗಳು ನನ್ನ ಕಡೆ ನೋಡಿದ ನೋಟಕ್ಕೆ ನಾಚಿಕೆಯಾಯಿತು.

ನನ್ನ ಬಾಯಿಯ ಮೇಲಿನ ಸಾಲೂ ಕಟ್ಟುಹಲ್ಲೇ, ನಾನೇ ಮಾಡಿಕೊಂಡದ್ದು. ಸೇಬನ್ನು ಕಚ್ಚಿ ತಿನ್ನುವುದು ಒರಟುತನ, ಮರ್ಯಾದಸ್ಥರು ತೆಳ್ಳಗೆ ಹೆಚ್ಚಿ ತಿನ್ನುತ್ತಾರೆ ಎಂದು ಮನೆಯವರಿಗೆಲ್ಲ ಪಾಠ ಹೇಳುತ್ತ ಬಂದಿದ್ದೆ. ಮರುದಿನ ಬೆಳಿಗ್ಗೆ ಇಲಿಮರಿಯನ್ನು ಎದುರಿಗೆ ಕೂರಿಸಿಕೊಂಡು ಇಡೀ ಸೇಬಿಗೆ ಬಾಯಿ ಹಾಕಿ ಎಳೆದೆ. ಸೇಬಿನ ಜೊತೆ ಹಲ್ಲಿನ ಸಾಲೂ ಕಿತ್ತುಬಂತು.

ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ನನ್ನ ಬೋಳು ಒಸಡು ನೋಡಿ ನಗು ನಿಲ್ಲಿಸಿದಳು.

"ತಾತ, ನಿಂಗೆ ಕಚ್ಚಕ್ಕೆ ಬರಲ್ವಾ?"

"ಬರಲ್ಲ ಕಣೇ. ಇಷ್ಟು ದಿನ ಸುಳ್ಳು ಹೇಳ್ತಿದ್ದೆ. ನಿನ್ನ ಬಾಯಲ್ಲಿದೆಯಲ್ಲ, ಅಂಥದ್ದು ಒಂದನ್ನೂ ಮಾಡೋಕೆ ನನ್ನ ಕೈಲಿ ಆಗಿಲ್ಲ."

ಅವಳು ಸ್ವಲ್ಪ ಯೋಚಿಸಿದಳು. ಸೇಬಿನಿಂದ ಹಲ್ಲು ಬಿಡಿಸಿ, ತೊಳೆದು, ನನ್ನ ಕೈಗಿಟ್ಟಳು. ಆಮೇಲೆ ತನ್ನ ಬ್ರಶ್ಶನ್ನೂ ನನಗೇ ಕೊಟ್ಟು "ಆ" ಎಂದು ಬಾಯಿ ತೆರೆದಳು.

ಮೂರು ತಿಂಗಳು ಎರಡು ಹೊತ್ತೂ ನಾನೇ ಉಜ್ಜಿದೆ. ನಿನ್ನೆ ಡಾಕ್ಟರಮ್ಮ ಪುಟ್ಟ ಕನ್ನಡಿ ಹಾಕಿ ನೋಡಿ, "ಕಲೆ ನಿಂತಿದೆ. ಕೊರೆಯೋದೇನೂ ಬೇಡ" ಎಂದರು. ಇಲಿಮರಿ ಕುರ್ಚಿಯಿಂದ ಇಳಿದವಳೇ ಹೊರಗೋಡಿ ಎಲ್ಲರಿಗೂ ಕೇಳುವಂತೆ ಸಾರಿದಳು: "ನಂಗೆ ತಾತನ ಹಲ್ಲು ಬೇಡ!"

ಕಾಯುತ್ತ ಕೂತಿದ್ದವರಲ್ಲಿ ಇಬ್ಬರು ನನ್ನ ಗಿರಾಕಿಗಳೇ. ನಾನು ಇದ್ದಬದ್ದ ಹಲ್ಲನ್ನೆಲ್ಲ ತೋರಿಸಿ ನಕ್ಕೆ.