ಕಣದ ವಾಟ

ಐದು ಬೆರಳು, ನಿತೇಶನಿಗೆ ಕಂಡದ್ದು ಅಷ್ಟೇ, ರೆಫರಿಯ ಕೈ ಮೇಲಕ್ಕೆದ್ದಿದೆ, ಐದೂ ಬೆರಳು ಅಗಲವಾಗಿ ಬಿಚ್ಚಿಕೊಂಡಿವೆ, ಸಂದಿಯಲ್ಲಿ ಚಾವಣಿಯ ಲೈಟು ಕಣ್ಣು ಕುಕ್ಕುತ್ತಿದೆ, ಯಾರದಪ್ಪಾ ಐದನೇ ಫೌಲು ಎಂದುಕೊಳ್ಳುವಷ್ಟರಲ್ಲಿ ಎಲ್ಲರೂ ತನ್ನ ಮುಖವನ್ನೇ ನೋಡುತ್ತಿದ್ದಾರೆ — ತನ್ನದೇ, ಥೂ, ತನ್ನದೇ, ಬ್ಯಾಸ್ಕೆಟ್‌ಬಾಲಿನಲ್ಲಿ ಐದಾದರೆ ಕ್ಯಾಪ್ಟನ್ ಆದರೇನು ಯಾರಾದರೇನು, ಹೊರಗೆ ಹೋಗಿ ಕೂರಬೇಕು, ಅದೂ ಫೈನಲ್ಲಿನಲ್ಲಿ, ಅದೂ ಎರಡೇ ನಿಮಿಷ ಉಳಿದಿರುವಾಗ, ಡಿಗ್ರಿಯ ಕೊನೇ ವರ್ಷದ ಕೊನೇ ಮ್ಯಾಚಿನಲ್ಲಿ, ನಾ ಮುಟ್ಟಲಿಲ್ಲ ಸಾರ್ ಎಂದು ಬಾಯಿ ತುದಿಗೆ ಬಂತು, ನುಂಗಿಕೊಂಡ, ಮುಟ್ಟಿದ್ದು ನಿಜ, ಭುಜ ತಾನಾಗಿ ಬಲಕ್ಕೆ ವಾಲಿ ಎದುರು ಟೀಮಿನ ಸುಳ್ಯದ ಹುಡುಗನ ಎದೆಗೆ ಗುದ್ದಿದ್ದು ನಿಜ, ವಾಲಬೇಡ್ರೋ ವಾಲಬೇಡ್ರೋ ಎಂದು ಜಯಪ್ಪ ಸಾರ್ ಇಡೀ ಸೀಸನ್ ಬಾಯಿ ಬಡಕೊಂಡರಲ್ಲ, ಈಗ ಬೈಯುತ್ತಾರೆ, ಕಾಲೇಜಿಗೆಲ್ಲ ಕೇಳುವಂತೆ ಬೈಯುವ ಪಿ.ಟಿ. ಮೇಷ್ಟ್ರು ಅವರು — ಇಲ್ಲ, ಒದ್ದೆ ಟವೆಲು ಹೆಗಲಿಗೆ ಹಾಕಿ, ಕೂತ್ಕಳೋ, ನಿನ್ ಪಾಲಿಂದು ಆಡಿದೀಯ, ಎಂದರು, ಅಷ್ಟೇ, ಬೈದಿದ್ದರೇ ಚೆನ್ನಾಗಿತ್ತು, ಆಮೇಲೆ ಬೆಂಚಿನ ತುದಿಗೆ ತಿರುಗಿ, ಪುಟ್ಟಸ್ವಾಮಿ, ಏಳ್ಲಾ, ಹೋಗು, ಎಂದರು. ಪುಟ್ಟಸ್ವಾಮಿಯಾ, ಇವನಾ, ಬೇರೆ ಯಾರೂ ಸಿಗಲಿಲ್ಲವಾ ಸಾರ್‌ಗೆ, ಅಲ್ಲ, ಉಳಿದವರಿಬ್ಬರ ಕಾಲೂ ಕೈಕೊಟ್ಟಿದೆ, ಇರುವವನು ಇವನೊಬ್ಬನೇ, ಶನಿವಾರಸಂತೆಯ ಪುಟ್ಟಸ್ವಾಮಿ, ಸೆಕೆಂಡ್ ಇಯರ್, ಟೀ ಶರ್ಟಿನ ತುದಿ ಚಡ್ಡಿಯೊಳಗೆ ಸಿಕ್ಕಿಸಿಕೊಂಡು ಓಡುತ್ತಿದ್ದಾನೆ, ಹೋಗುತ್ತಾ, ನಿತೇಶಣ್ಣ, ಬರ್ತೀನಿ, ಎಂದ, ಪೇಟೆಗೆ ಹೋಗಿ ಬರುವವನ ಹಾಗೆ.

ಚರಂಡಿಸ್ವಾಮಿ, ಅವನಿಗೆ ಆ ಹೆಸರಿಟ್ಟದ್ದು ತಾನೇ, ಜುಲೈಯಲ್ಲಿ ಹೊಸ ಕಟ್ಟಡಕ್ಕೆಂದು ಕಾಲೇಜಿನ ಕೋರ್ಟನ್ನು ಅಗೆದು ಹಾಕಿದರು, ಆಡಲು ಅಂಗೈಯಗಲ ಜಾಗ ಇಲ್ಲ, ಆಗ ಚೆಟ್ಟಳ್ಳಿಯ ಅಶೋಕ್ ಮಾವನ ತೋಟದ ಕಣ ಕೇಳಿದ್ದು, ಕಾಫಿ ಒಣಗಿಸುವ ಸಿಮೆಂಟಿನ ಕಣ, ಮಳೆಗಾಲವಿಡೀ ಖಾಲಿ ಬಿದ್ದಿರುತ್ತದೆ, ಹಾಕಿ ಆಡೋ ಮನೇಲಿ ಹುಟ್ಟಿ ಬುಟ್ಟಿಗೆ ಚೆಂಡು ಹಾಕ್ತೀಯಲ್ಲಾ ಮಾರಾಯ, ಗೋಲ್‌ಕೀಪರ್ ಇಲ್ಲದ ಆಟ ಎಂತ ಆಟ, ಎಂದು ನಕ್ಕ ಮಾವ, ನಗುತ್ತಲೇ ವೆಲ್ಡಿಂಗಿನವನನ್ನು ಕರೆಸಿ ಒಂದು ತುದಿಗೆ ಕಂಬ ನೆಡಿಸಿ ರಿಂಗು ಹಾಕಿಸಿದ, ಹಣ್ಣು ಬಂದ ದಿನ ನಿಮ್ಮ ಆಟ ಬಂದ್, ಗೊತ್ತಾಯ್ತಾ, ಗೊತ್ತಾಯಿತು ಮಾವ, ಶೋಭಿತಾ ಅತ್ತೆ ಬೇರೆ ಕೆಟಲ್ ತುಂಬ ಕಾಫಿ, ಕಡುಬು ಕಳಿಸುತ್ತಿದ್ದಳು, ಜಡಿಮಳೆ ಬಿಟ್ಟಿತೆಂದರೆ ಪೊರಕೆಯಲ್ಲಿ ನೀರು ತಳ್ಳಿ ಆಟ ಶುರು, ತಳ್ಳುವುದೇ ಬೇಡ, ನೀರು ತಾನಾಗಿ ಹರಿದು ಎಡಗಡೆಯ ಚರಂಡಿಗೆ ಇಳಿಯುತ್ತಿತ್ತು, ಎಷ್ಟು ಚಂದ ಅಂದುಕೊಂಡಿದ್ದರು, ಯಾಕೆ ಇಳಿಯುತ್ತದೆ ಎಂದು ಒಬ್ಬನಿಗಾದರೂ ಹೊಳೆಯಬೇಡವಾ, ಹೋರಿಗಳ ಹಾಗೆ ಬೆಳೆದದ್ದೇ ಬಂತು. ಕಣದಲ್ಲಿ ಎಲ್ಲರ ಚೆಂಡೂ ಬುಟ್ಟಿಗೆ, ಪುಟ್ಟಸ್ವಾಮಿಯದು ಮಾತ್ರ ರಿಂಗಿನ ಎಡಕ್ಕೆ ಬಡಿದು ಸೀದಾ ಚರಂಡಿಗೆ, ಅವನೇ ಇಳಿದು ಎತ್ತಿ ತರಬೇಕು, ನಂಗ್ಯಾಕೋ ಈ ನೆಲ ಒಗ್ತಿಲ್ಲ ಕಣಣ್ಣ, ಎಂದ ಒಮ್ಮೆ, ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ, ಹೋಗೋ ಚರಂಡಿಸ್ವಾಮಿ, ಎಂದ ತಾನು — ಎಲ್ಲರೂ ನಕ್ಕರು, ಅವನೂ ನಕ್ಕ, ಬೆಂಚಿನ ತುದಿ ಅವನಿಗೆ ಖಾಯಂ ಆಯಿತು. ಆಮೇಲೆ ಪುತ್ತೂರಿನಲ್ಲಿ ಮೊದಲ ಮ್ಯಾಚು, ದೇವರೇ, ಹೊಡೆದದ್ದೆಲ್ಲ ರಿಂಗಿನ ಬಲಕ್ಕೆ, ಓಡುವಾಗ ಮೈಯೇ ಬಲಕ್ಕೆ, ಮರ್ಯಾದೆ ಮೂರು ಕಾಸಾಯಿತು, ಇಲ್ಲಿ ನೆಲ ಸರಿ ಇಲ್ಲ ಸಾರ್ ಎಂದು ತಾನೇ ದೂರು ಹೇಳಿದ, ಜಯಪ್ಪ ಸಾರ್ ಚೆಂಡನ್ನು ನೆಲದ ಮೇಲಿಟ್ಟರು, ಅದು ಇಟ್ಟಲ್ಲೇ ಕೂತಿತು, ಮಾರನೇ ದಿನ ಚೆಟ್ಟಳ್ಳಿಯ ಕಣದಲ್ಲಿಟ್ಟರು, ಅದು ಅವರ ಕಾಲ ಬುಡದಿಂದ ಮೆಲ್ಲಗೆ, ಯಾರ ಹಂಗೂ ಇಲ್ಲದೆ, ಉರುಳಿಕೊಂಡು ಚರಂಡಿಗೆ ಹೋಯಿತು, ಸಾರ್ ಹಣೆ ಹಣೆ ಚಚ್ಚಿಕೊಂಡರು, ನೀರಿಳಿಯೋಕೆ ಕಣಕ್ಕೆ ವಾಟ, ಇಳಿಜಾರು, ಕೊಡದೆ ಮತ್ತೆಂತ, ನೀರು ನಿಂತ್ರೆ ನನ್ನ ಕಾಫಿ ಕೊಳೀಬೇಕಾ, ಎಂದ ಅಶೋಕ್ ಮಾವ, ತಗ್ಗಿಗೆ ಜಾರದಿರಲೆಂದು ಮೂರು ತಿಂಗಳು ಬಲಕ್ಕೆ ವಾಲಿ ವಾಲಿ ಇಡೀ ಟೀಮೇ ಸೊಟ್ಟಗಾಗಿತ್ತು.

ಎರಡು ಕಾಲೂ ಸಮ ಆಗಲೆಂದು ಗೋಣಿಚೀಲ ಮಡಚಿ ಎಡಗಾಲಿನ ಅಡಿಗೆ ಹಾಕಿಕೊಂಡು ಚೆಂಡು ಹೊಡೆಯುವ ಅಭ್ಯಾಸ ಆಮೇಲೆ ಶುರುವಾದದ್ದು, ತೋಟದ ಹೆಂಗಸರು ಸೆರಗು ಬಾಯಿಗಿಟ್ಟು ನಗುತ್ತಿದ್ದರು, ನಗಲಿ, ಗೋಣಿಚೀಲವೇ ಮಡಿಕೇರಿಯ ಈ ಫೈನಲ್ಲಿನ ತನಕ ಎತ್ತಿಕೊಂಡು ಬಂತು, ಸೋತದ್ದು ಪುತ್ತೂರಿನದೊಂದೇ, ಆದರೂ ದಣಿವಾದಾಗ ಕಣ ಮತ್ತೆ ಮೈಗೆ ಹತ್ತುತ್ತದೆ, ಕೊನೆಯ ನಿಮಿಷಗಳಲ್ಲಿ ಎಲ್ಲರಿಗೂ, ತನಗೂ — ಅವನಿಗಿಲ್ಲ, ಪುಟ್ಟಸ್ವಾಮಿಗಿಲ್ಲ, ನೋಡು ಹೇಗೆ ಓಡುತ್ತಿದ್ದಾನೆ, ನೆಟ್ಟಗೆ, ಆ ಕಣದ ರೋಗ ಅವನಿಗೆ ತಗಲಲೇ ಇಲ್ಲ, ಅರೆ, ಹಾಕಿಯೇ ಬಿಟ್ಟ, ಎರಡು ಪಾಯಿಂಟು, ಕೈ ಮೇಲೆತ್ತಿದ್ದು ಹಾಗೇ ನಿಂತಿದೆ, ಮಣಿಕಟ್ಟಿನಿಂದ ಅಂಗೈ ಇಳಿಬಿದ್ದಿದೆ, ಕಣದಲ್ಲೂ ಹಾಗೇ ನಿಲ್ಲುತ್ತಿದ್ದ, ಚೆಂಡು ಚರಂಡಿ ಸೇರುವ ತನಕ, ಆಗ ನಗು ಬರುತ್ತಿತ್ತು. ಚಪ್ಪಾಳೆ ತಟ್ಟು, ತಟ್ಟುತ್ತಿದ್ದೇನಲ್ಲ, ಕೈ ತಟ್ಟುತ್ತಿದೆ, ಹೊಟ್ಟೆಯೊಳಗೆ ಮಾತ್ರ ಹುಳಿ ಹುಳಿ, ಕಪ್ಪು ಗೆದ್ದರೆ ನಾಳೆ ಕಾಲೇಜಿನಲ್ಲಿ ಏನನ್ನುತ್ತಾರೆ, ಪುಟ್ಟಸ್ವಾಮಿ ಗೆಲ್ಲಿಸಿದ, ನಿತೇಶ್ ಫೌಲ್ ಮಾಡಿ ಬೆಂಚಿನಲ್ಲಿದ್ದ, ಅದೇ ಅಲ್ಲವಾ, ಸೋತರೆ ಆಗ ನಿತೇಶ್ ಇದ್ದಿದ್ದರೆ ಅನ್ನುತ್ತಾರೆ, ಇದ್ದಿದ್ದರೆ — ಆ ಮಾತು ಎಷ್ಟು ಸಿಹಿ, ಛೀ, ಎಂಥ ಯೋಚನೆ, ಇಡೀ ಸೀಸನ್ ಮಳೆಯಲ್ಲಿ ನೆಂದದ್ದು ಇದಕ್ಕಾ, ಮೇಲುಗಡೆ ಗ್ಯಾಲರಿಯಲ್ಲಿ ಅಶೋಕ್ ಮಾವ ಎದ್ದು ನಿಂತು ಕೂಗುತ್ತಿದ್ದಾನೆ, ಹೊಡಿ ಹೊಡಿ, ಡಿ ಒಳಗೆ ನುಗ್ಗು, ಹಾಕಿಯ ಭೂತ ಬಿಡುವುದಿಲ್ಲ ಅವನಿಗೆ, ನಾಳೆಯಿಂದ ಕಣದಲ್ಲಿ ಕಾಫಿ ಹರಡಬೇಕು, ಹಣ್ಣಿನ ಪಿಕ್ಕಿಂಗ್ ಶುರುವಾಗಿ ಆಯಿತು, ಫೈನಲ್ ಮುಗೀಲಿ ಎಂದು ತಡೆಹಿಡಿದು ಮನೆಯಂಗಳದಲ್ಲಿ ಹರಡಿಕೊಂಡಿದ್ದಾನೆ ಪಾಪ, ಬೈಯುತ್ತಾ ಬೈಯುತ್ತಾ.

ಸೀಟಿ. ಪುಟ್ಟಸ್ವಾಮಿ ಕೆಳಗೆ ಬಿದ್ದಿದ್ದಾನೆ, ಸುಳ್ಯದವನು ಕೈಗೇ ಹೊಡೆದ, ಫೌಲು, ಎರಡು ಫ್ರೀ ಥ್ರೋ, ಬೋರ್ಡಿನಲ್ಲಿ ನಾವು ಒಂದೇ ಪಾಯಿಂಟು ಹಿಂದೆ, ಗಡಿಯಾರ ಸೊನ್ನೆಗೆ ಬಂದು ನಿಂತಿದೆ, ಇನ್ನು ಇವನೇ, ಇವನೊಬ್ಬನೇ, ಎದ್ದ, ಗೆರೆಗೆ ಬಂದ, ಚೆಂಡನ್ನು ನೆಲಕ್ಕೆ ಬಡಿಯುತ್ತಿದ್ದಾನೆ, ಮೊದಲನೆಯದು — ಒಳಗೆ ಹೋಯಿತು, ಬಲೆಗೆ ಸದ್ದೇ ಇಲ್ಲ, ಸಮ ಸಮ, ಇವನು ಯಾಕೆ ಇತ್ತ ತಿರುಗಿದ, ಸಾರ್ ಕಡೆಗಲ್ಲ, ತನ್ನ ಕಡೆಗೆ, ಹುಬ್ಬು ಎತ್ತಿ ಕೇಳುತ್ತಿದ್ದಾನೆ, ನಿತೇಶಣ್ಣ, ನೆಲ ಸರಿ ಉಂಟಲ್ಲಾ, ಎಂದು ಕೇಳಿದ ಹಾಗೆ, ಕಳ್ಳ ಬಡ್ಡಿಮಗ, ಇಂಥ ಹೊತ್ತಿನಲ್ಲಿ ತಮಾಷೆ, ನಗು ಉಕ್ಕಿ ಬಂತು, ಸರಿ ಉಂಟೋ, ನೆಲ ಸರಿ ಉಂಟು, ಹೊಡಿ, ಎಂದು ಕಿರುಚಿದ್ದು ಯಾರು, ತಾನೇ, ಟವೆಲು ಎಲ್ಲೋ ಬಿತ್ತು, ಹುಳಿ ಎಲ್ಲಿ ಹೋಯಿತು, ಹೊಟ್ಟೆಯಲ್ಲಿ ಹುಡುಕಿದರೂ ಇಲ್ಲ, ಬೀಳಲಿ, ಅವನದೇ ಬೀಳಲಿ, ಅವನ ಹೆಸರಿಗೇ ಇರಲಿ ಕಪ್ಪು, ಚೆಂಡು ಕೈ ಬಿಟ್ಟಿತು, ಬೆಂಚಿನಲ್ಲಿದ್ದವರೆಲ್ಲ, ಅಂಕಣದೊಳಗಿದ್ದ ನಮ್ಮ ನಾಲ್ವರು, ಜಯಪ್ಪ ಸಾರ್ ಕೂಡ, ಚೆಂಡಿನ ಜತೆಗೇ ಬಲಕ್ಕೆ ವಾಲಿದ್ದಾರೆ, ತಾನೂ ವಾಲಿದ್ದಾನೆ, ಅವನೊಬ್ಬನೇ ನೆಟ್ಟಗೆ, ಚೆಂಡು ಬುಟ್ಟಿಯೊಳಗಿಂದ ಕೆಳಗೆ ಬಿತ್ತು, ಬಲೆ ಮೇಲಕ್ಕೆ ಚಿಮ್ಮಿತು, ಜನ ಕೂಗುತ್ತಿದ್ದಾರೆ, ಮಾವ ಗೋಲ್ ಗೋಲ್ ಎಂದು ಕುಣಿಯುತ್ತಿದ್ದಾನೆ, ಎಲ್ಲರೂ ಓಡುತ್ತಿದ್ದಾರೆ, ತಾನೂ ಓಡಬೇಕು, ಅವನ ಕೈ ಇನ್ನೂ ಮೇಲೇ ಇದೆ, ಮಣಿಕಟ್ಟಿನಿಂದ ಅಂಗೈ ಇಳಿಬಿದ್ದಿದೆ, ಕೆಳಗಿಳಿಸಲು ಮರೆತಿದ್ದಾನೆ, ಆ ಕೈ, ಇನ್ನೂ ಮೇಲೇ, ಆ ಕೈ —